ಕ್ಷೇತ್ರಭೇಟಿ: ರಾಜಧಾನಿ ಕೊಲ್ಲಾಪುರ

ಪೀಠಿಕೆ

ಕೋವಾಡ, ಗಡಹಿಂಗ್ಲಜ, ಇಚಲಕರಂಜಿ ಪರಿಸರದ ವಿದ್ಯಾರ್ಥಿಗಳಿಗೆ ಕೊಲ್ಲಾಪುರವು ಜಿಲ್ಲಾ ಕೇಂದ್ರ. ದೇವಿಯ ದರ್ಶನ, ಅರಮನೆಯ ವೀಕ್ಷಣೆ, ಪೇಟೆಯ ತಿರುಗಾಟಗಳಲ್ಲಿಯೇ ಪ್ರವಾಸದ ದಿನ ಮುಗಿದುಹೋಗುವುದುಂಟು. ಆಗ ಕನ್ನಡ ಮಾಧ್ಯಮದ ವಿದ್ಯಾರ್ಥಿಯಲ್ಲಿ, ಈ ನಗರದ ಇತಿಹಾಸಕ್ಕೂ ತನ್ನ ಭಾಷೆಗೂ ಸಂಬಂಧವಿಲ್ಲವೆಂಬ ಭಾವನೆ ಉಳಿಯಬಹುದು. ಅದನ್ನು ಭಾಷಣದಿಂದಲ್ಲದೆ ಸಾಕ್ಷ್ಯದಿಂದ ನಿವಾರಿಸುವುದು ಈ ಪಾಠದ ಗುರಿ.

ಉದ್ದೇಶಗಳು

1. ಭಾಷೆ ಮತ್ತು ಲಿಪಿಗಳ ವ್ಯತ್ಯಾಸವನ್ನು ಅರಿಯುವುದು.
2. ಶಾಸನವನ್ನು ಇತಿಹಾಸದ ಆಧಾರವಾಗಿ ಬಳಸುವುದು.
3. ಪರಂಪರೆಯ ಸ್ಥಳಗಳಲ್ಲಿ ವರ್ತಿಸಬೇಕಾದ ರೀತಿಯನ್ನು ರೂಢಿಸಿಕೊಳ್ಳುವುದು.

ಭೇಟಿಗೆ ಮುನ್ನ

ಒಂದು ಅವಧಿಯನ್ನು ನಕಾಶೆಯ ಓದಿಗೆ ಮೀಸಲಿಡಬೇಕು. ಗಡಹಿಂಗ್ಲಜದಿಂದ ಸಂಕೇಶ್ವರ, ನಿಪ್ಪಾಣಿ ಮಾರ್ಗವಾಗಿ ಹೊರಟರೆ ಬಸ್ಸು ಕರ್ನಾಟಕವನ್ನು ಹೊಕ್ಕು ಮತ್ತೆ ಮಹಾರಾಷ್ಟ್ರಕ್ಕೆ ಬರುತ್ತದೆ. ಇಂದಿನ ಗಡಿರೇಖೆಯು ಹಳೆಯ ರಾಜ್ಯಗಳ ಗಡಿಯಲ್ಲವೆಂಬುದನ್ನು ವಿದ್ಯಾರ್ಥಿಗಳು ಇಲ್ಲಿಂದಲೇ ಗುರುತಿಸಲಿ.

ಬಳಿಕ 1143ರ ಶಾಸನವೊಂದನ್ನು ಪರಿಚಯಿಸಬೇಕು. ಕೊಲ್ಲಾಪುರದ ಶುಕ್ರವಾರ ದ್ವಾರದ ಸಮೀಪದ ಬಸದಿಯ ಬಳಿ ದೊರೆತ ಈ ಶಾಸನವು ಶಿಲಾಹಾರ ದೊರೆ ವಿಜಯಾದಿತ್ಯನ ಕಾಲದ್ದು. ಪಾರ್ಶ್ವನಾಥ ಬಸದಿಯ ಪೂಜೆಗಾಗಿ ಕಾಲು ನಿವರ್ತನ ಭೂಮಿಯನ್ನೂ ಹನ್ನೆರಡು ಕೈ ಅಳತೆಯ ಮನೆಯನ್ನೂ ದಾನವಿತ್ತ ಸಂಗತಿ ಅದರಲ್ಲಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ. ದಾನದ ಊರು ‘ಹಾವಿನ ಹೇರಿಲಗೆ’. ಅದಿದ್ದ ನಾಡು ‘ಆಜಿರಗೆಖೊಲ್ಲ’. ಈ ಎರಡು ಹೆಸರುಗಳನ್ನು ಫಲಕದ ಮೇಲೆ ಬರೆದು, ಆಜಿರಗೆ ಎಂಬುದು ಇಂದಿನ ಯಾವ ಊರಿರಬಹುದೆಂದು ಕೇಳಬೇಕು. ಗಡಹಿಂಗ್ಲಜದ ನೆರೆಯ ಆಜರಾ ವಿದ್ಯಾರ್ಥಿಗಳಿಗೆ ತಾನಾಗಿಯೇ ಹೊಳೆಯುತ್ತದೆ. ಊರಿನ ಹೆಸರಿನ ಮೊದಲ ಪದ ಯಾವ ಭಾಷೆಯದೆಂಬುದು ಮುಂದಿನ ಪ್ರಶ್ನೆ.

ಸ್ಥಳದಲ್ಲಿ

ಟೌನ್ ಹಾಲ್ ವಸ್ತುಸಂಗ್ರಹಾಲಯದಿಂದ ಆರಂಭಿಸುವುದು ಉಚಿತ. ಪಂಚಗಂಗೆಯ ದಂಡೆಯ ಬ್ರಹ್ಮಪುರಿಯಲ್ಲಿ 1944-45ರ ಸುಮಾರಿಗೆ ದೊರೆತ ಗ್ರೀಕ್ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಪುಟ್ಟ ವಿಗ್ರಹವು, ಈ ಊರಿಗೆ ಕಡಲಾಚೆಯ ನಂಟಿದ್ದುದನ್ನು ತೋರಿಸುತ್ತದೆ. ಮಹಾಲಕ್ಷ್ಮಿ ದೇವಾಲಯದಲ್ಲಿ ಶಿಲ್ಪದೊಂದಿಗೆ ಕಿರಣೋತ್ಸವದ ವಿಷಯವನ್ನೂ ತಿಳಿಸಬಹುದು: ನವೆಂಬರ್ 9ರಿಂದ 11 ಹಾಗೂ ಜನವರಿ 31ರಿಂದ ಫೆಬ್ರವರಿ 2ರವರೆಗೆ ಅಸ್ತಮಿಸುವ ಸೂರ್ಯನ ಕಿರಣಗಳು ಗರ್ಭಗೃಹವನ್ನು ಪ್ರವೇಶಿಸುತ್ತವೆ. ವರ್ಷಕ್ಕೆ ಎರಡು ಸಲವೇ ಏಕೆಂಬುದನ್ನು ಭೂಗೋಲದ ಪಾಠದೊಡನೆ ಜೋಡಿಸಬೇಕು.

ಹೊಸ ಅರಮನೆಯಲ್ಲಿ ವೈಭವದಷ್ಟೇ ಆಡಳಿತವೂ ಚರ್ಚೆಗೆ ಬರಲಿ. ರಾಜರ್ಷಿ ಶಾಹು ಮಹಾರಾಜರು 1902ರಲ್ಲಿ ಹಿಂದುಳಿದ ವರ್ಗಗಳಿಗೆ ನೌಕರಿಗಳಲ್ಲಿ ಶೇಕಡಾ 50 ಮೀಸಲಾತಿ ನೀಡಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯಗೊಳಿಸಿದರು. ಕೊಲ್ಲಾಪುರದ ಆಸ್ಥಾನ ಗಾಯಕರಾಗಿದ್ದ ಅಲ್ಲಾದಿಯಾ ಖಾನರ ಪುತ್ರರಲ್ಲಿ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಕಲಿತುದನ್ನೂ ಸ್ಮರಿಸಬೇಕು.

ಶಾಸನ, ಶಿಲ್ಪಗಳನ್ನು ಮುಟ್ಟಬಾರದು. ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜಬಾರದು.

ಮರಳಿದ ಮೇಲೆ

1. ವಿದ್ಯಾರ್ಥಿಗಳು ತಮ್ಮೂರಿನ ಹೊಲ, ಹಳ್ಳ, ಓಣಿಗಳ ಹಳೆಯ ಹೆಸರುಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಲಿ.
2. ತಮ್ಮ ಶಾಲೆಗೆ ನೀಡಿದ ಕಲ್ಪಿತ ದಾನವೊಂದನ್ನು ಕುರಿತು, ದಾನಿ, ವಸ್ತು, ಅಳತೆ, ಉದ್ದೇಶಗಳನ್ನು ಒಳಗೊಂಡ ಕಿರುಶಾಸನವನ್ನು ಬರೆಯಲಿ.

ಶಿಕ್ಷಕರಿಗೆ ಸೂಚನೆ

ಈ ಸಾಕ್ಷ್ಯಗಳನ್ನು ‘ನಮ್ಮದು, ಅವರದು’ ಎಂಬ ವಾದಕ್ಕೆ ಬಳಸಬಾರದು. ಸಂಸ್ಕೃತದ ಮಾತು, ಕನ್ನಡದ ಅಕ್ಷರ, ಜೈನ ಬಸದಿಯ ದಾನ, ಇಂದು ಮರಾಠಿ ನುಡಿಯುವ ನಗರ: ಇವೆಲ್ಲವೂ ಒಂದೇ ಕಲ್ಲಿನ ಸುತ್ತ ಕೂಡಿವೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಮಾತನಾಡುವ ವಿದ್ಯಾರ್ಥಿಗೆ ತನ್ನ ದ್ವಿಭಾಷಾ ಬದುಕು ಕೊರತೆಯಲ್ಲ, ಈ ನೆಲದ ಹಳೆಯ ರೂಢಿ ಎಂಬುದು ಮನದಟ್ಟಾದರೆ ಪ್ರವಾಸ ಸಾರ್ಥಕ.