ಕಡತಗಳ ಕಣಜ

ಹಿಂದಿನ ಕಾಲದಲ್ಲಿ ಕರ್ನಾಟಕದ ವರ್ತಕರೂ ಶಾನುಭೋಗರೂ ತಮ್ಮ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದಿಡುತ್ತಿದ್ದರು. ಉದ್ದವಾದ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವು ಸಿದ್ಧವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದಾಗ ಒರಸಿ ಮತ್ತೆ ಬರೆಯುವುದು. ಅನುಕೂಲವೂ ಅಪಾಯವೂ ಒಂದೇ ಕಡೆ ಅಡಗಿದ್ದವು. ಒದ್ದೆಯ ಕೈ ತಾಗಿದರೆ ಬರೆದಿಟ್ಟ ಲೆಕ್ಕವು ಅಳಿಸಿಹೋಗಬಹುದಾಗಿತ್ತು. ಇಂದು ಕಂಪ್ಯೂಟರಿನಲ್ಲಿ ಶೇಖರಿಸಿದ ಬರಹ, ಚಿತ್ರ, ಲೆಕ್ಕಗಳಿಗೂ ಕನ್ನಡದಲ್ಲಿ ‘ಕಡತ’ವೆಂಬ ಹೆಸರೇ ಸಂದಿದೆ. ಹೆಸರಿನ ಜೊತೆಗೆ ಆ ಹಳೆಯ ಗುಣವೂ ಬಂದಿದೆಯೆನ್ನಬೇಕು.

1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯು ‘ರಾಮಾಕ್’ ಎಂಬ ಯಂತ್ರವನ್ನು ಲೋಕಕ್ಕೆ ಪರಿಚಯಿಸಿತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ ರೆನಾಲ್ಡ್ ಜಾನ್‌ಸನ್ ಎಂಬಾತನ ಮುಂದಾಳತನದಲ್ಲಿ ಇದರ ಡಿಸ್ಕು ರೂಪುಗೊಂಡಿತು. 24 ಅಂಗುಲ ವ್ಯಾಸದ 50 ಲೋಹದ ತಟ್ಟೆಗಳು ಒಂದೇ ಅಚ್ಚಿಗೆ ಪೋಣಿಸಲ್ಪಟ್ಟು ನಿಮಿಷಕ್ಕೆ 1200 ಬಾರಿ ಸುತ್ತುತ್ತಿದ್ದವು. ತಟ್ಟೆಗಳಿಗೆ ಕಬ್ಬಿಣದ ಆಕ್ಸೈಡಿನ ಲೇಪ. ಆ ಲೇಪದ ಮೇಲೆ ಅಯಸ್ಕಾಂತದ ಚುಕ್ಕೆಗಳೇ ಅಕ್ಷರಗಳು. ಇಷ್ಟು ದೊಡ್ಡ ಸಲಕರಣೆಯಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಅದರ ಲಕ್ಷ ಪಟ್ಟಿಗಿಂತ ಹೆಚ್ಚಿನದನ್ನು ಈಗ ಬೆರಳಿನ ಉಗುರಿನಷ್ಟಗಲದ ತುಣುಕೊಂದು ಹೊರಬಲ್ಲುದು.

ಆದರೆ ಡಿಸ್ಕು ಎಷ್ಟೇ ದೊಡ್ಡದಾಗಿರಲಿ, ತನ್ನಷ್ಟಕ್ಕೆ ಅದು ಬರಿಯ ಬಯಲು. ಅದರ ಮೈಯೆಲ್ಲವೂ ಸಂಖ್ಯೆಯಿಟ್ಟ ಪುಟ್ಟ ಪುಟ್ಟ ಖಾನೆಗಳಾಗಿ ಭಾಗವಾಗಿರುತ್ತದೆ. ಒಂದು ಕಡತದ ಭಾಗಗಳು ಹತ್ತಾರು ಕಡೆಗಳಲ್ಲಿ ಚೆದರಿರಬಹುದು. ಯಾವ ಕಡತವು ಯಾವ ಯಾವ ಖಾನೆಗಳಲ್ಲಿದೆ, ಯಾವ ಖಾನೆಗಳು ಖಾಲಿಯಿವೆ ಎಂಬ ವಿವರವನ್ನು ಡಿಸ್ಕಿನ ಮೇಲೆಯೇ ಬರೆದಿಡಬೇಕು. ಊರಿನ ಹೊಲಗಳಿಗೆ ಶಾನುಭೋಗರ ಪಹಣಿ ಹೇಗೋ ಹಾಗೆ. ಪಹಣಿ ಸುಟ್ಟುಹೋದರೆ ಹೊಲಗಳು ಎಲ್ಲಿಗೂ ಹೋಗುವುದಿಲ್ಲ. ಆದರೂ ಯಾವುದು ಯಾರದೆಂದು ಹೇಳುವವರಿರುವುದಿಲ್ಲ. ಕಂಪ್ಯೂಟರಿನಲ್ಲಿ ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಆಗುವುದು ಇಷ್ಟೇ. ವಿವರಪಟ್ಟಿಯಿಂದ ಅದರ ಹೆಸರು ಹೋಗುತ್ತದೆ, ಖಾನೆಗಳು ಖಾಲಿಯೆಂದು ನಮೂದಾಗುತ್ತವೆ. ಬೇರೊಂದು ಕಡತವು ಬಂದು ಅಲ್ಲಿ ಕೂರುವವರೆಗೆ ಹಳೆಯ ಬರಹದ ಗುರುತು ಉಳಿದಿರುವುದುಂಟು.

ಈ ಕಣಜವನ್ನು ಆಳುವ ಬಗೆಯೊಂದನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರು 1969ರಿಂದೀಚೆಗೆ ರೂಪಿಸಿದರು. ಅದರ ಹೆಸರು ಯುನಿಕ್ಸ್. ಆಗ ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಪದ್ಧತಿಯಿರಲಿಲ್ಲ. ಆಜ್ಞೆಯನ್ನು ಟೈಪು ಮಾಡಬೇಕಾಗಿತ್ತು. ಯಂತ್ರವು ಸೆಕೆಂಡಿಗೆ ಹತ್ತು ಅಕ್ಷರಗಳನ್ನಷ್ಟೇ ಮುದ್ರಿಸುತ್ತಿದ್ದುದರಿಂದ ಅವರು ಅಕ್ಷರಗಳ ವಿಷಯದಲ್ಲಿ ಬಹಳ ಜಿಪುಣರಾದರು. ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ಕೇಳಲು ‘ಡಿಎಫ್’ ಎಂಬ ಎರಡಕ್ಷರ ಸಾಕು. ಡಿಸ್ಕನ್ನು ಕಳಚುವ ಆಜ್ಞೆಯಾದ ‘ಯುಮೌಂಟ್’ನಲ್ಲಿ ಇರಬೇಕಾದ ಇಂಗ್ಲಿಷಿನ ಒಂದು ‘ಎನ್’ ಅಕ್ಷರವನ್ನೂ ಬಿಟ್ಟಿದ್ದಾರೆ. ಅರ್ಧ ಶತಮಾನ ಕಳೆದರೂ ಅದು ಮರಳಿ ಬಂದಿಲ್ಲ.

ಯುನಿಕ್ಸಿನಲ್ಲಿ ಎಲ್ಲ ಕಡತಗಳೂ ಒಂದೇ ಮರದ ಕೊಂಬೆಗಳಲ್ಲಿರುತ್ತವೆ. ಹೊಸ ಡಿಸ್ಕು ಬಂದಾಗ ‘ಮೌಂಟ್’ ಎಂಬ ಆಜ್ಞೆಯಿಂದ ಅದನ್ನು ಒಂದು ಕೊಂಬೆಗೆ ಕಸಿ ಕಟ್ಟಿದಂತೆ ಜೋಡಿಸುತ್ತಾರೆ. ಆರಂಭದ ದಿನಗಳಲ್ಲಿ ಯುನಿಕ್ಸಿನ ಪ್ರೋಗ್ರಾಮುಗಳು ಬೆಳೆದು ಮೊದಲ ಡಿಸ್ಕಿನಲ್ಲಿ ಹಿಡಿಸಲಾರದೆ ಹೋದಾಗ, ಬಳಕೆದಾರರಿಗೆ ಮೀಸಲಾಗಿದ್ದ ‘ಯುಎಸ್‌ಆರ್’ ಎಂಬ ಎರಡನೆಯ ಡಿಸ್ಕಿಗೆ ಅವನ್ನು ಸಾಗಿಸಿದರು. ಕ್ರಮೇಣ ಬಳಕೆದಾರರು ಅಲ್ಲಿಂದ ಬೇರೆಡೆಗೆ ಹೋಗಬೇಕಾಯಿತು. ಬಿಡಾರಕ್ಕೆ ಬಂದ ನೆಂಟರೇ ಮನೆಯೊಡೆಯರಾದಂತೆ, ಈಗ ಆ ಹೆಸರಿನ ಕೊಂಬೆಯಲ್ಲಿ ಪ್ರೋಗ್ರಾಮುಗಳದೇ ವಾಸ.

ಜೋಡಿಸಿದ ಡಿಸ್ಕನ್ನು ಕಳಚದೆ ಕಿತ್ತುಕೊಳ್ಳಬಾರದೆಂಬ ನಿಯಮಕ್ಕೂ ಕಾರಣವುಂಟು. ಡಿಸ್ಕಿನ ವೇಗ ಕಡಿಮೆಯಾದುದರಿಂದ ಕಂಪ್ಯೂಟರು ಬರೆಯಬೇಕಾದುದನ್ನು ಮೊದಲು ತನ್ನ ನೆನಪಿನಲ್ಲಿ ಕೂಡಿಟ್ಟುಕೊಂಡು, ಬಿಡುವಾದಾಗ ಡಿಸ್ಕಿಗೆ ಇಳಿಸುತ್ತದೆ. ಕೆಲಸ ಮುಗಿಯಿತೆಂದು ತೆರೆಯ ಮೇಲೆ ಕಂಡರೂ ಬರಹವು ಇನ್ನೂ ಡಿಸ್ಕನ್ನು ಮುಟ್ಟಿರಲಾರದು. ‘ಯುಮೌಂಟ್’ ಎಂದಾಗ ಉಳಿದುದೆಲ್ಲವನ್ನೂ ಇಳಿಸಿ, ಆಮೇಲೆ ಡಿಸ್ಕನ್ನು ಬಿಟ್ಟುಕೊಡುತ್ತದೆ.

ಯುನಿಕ್ಸಿನ ಮತ್ತೊಂದು ವಿಶೇಷವೆಂದರೆ ಯಂತ್ರದ ಉಪಕರಣಗಳೂ ಅಲ್ಲಿ ಕಡತಗಳಂತೆಯೇ ತೋರುವುದು. ಡಿಸ್ಕಿಗೊಂದು ಹೆಸರು, ದೂರವಾಣಿ ತಂತಿಗೆ ಜೋಡಿಸಿದ ಮೋಡೆಮಿಗೊಂದು ಹೆಸರು. ಆ ಹೆಸರಿಗೆ ಬರೆದುದು ಆ ಉಪಕರಣಕ್ಕೆ ಹೋಗುತ್ತದೆ. ಇದರ ರುಚಿಯನ್ನು 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಕಂಡನು. ಆತನು ತನ್ನ ಮನೆಯ ಕಂಪ್ಯೂಟರಿನಲ್ಲಿ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಬಳಸುತ್ತ, ಯುನಿಕ್ಸನ್ನು ಹೋಲುವ ಹೊಸತೊಂದನ್ನು ಕಟ್ಟುತ್ತಿದ್ದನು. ಒಂದು ದಿನ ವಿಶ್ವವಿದ್ಯಾನಿಲಯದ ಕಂಪ್ಯೂಟರಿಗೆ ದೂರವಾಣಿಯ ಮೂಲಕ ಸಂಪರ್ಕ ಪಡೆಯಲು ಹೊರಟವನು ಮೋಡೆಮಿನ ಹೆಸರನ್ನು ಕೊಡುವ ಬದಲು ಡಿಸ್ಕಿನ ಹೆಸರನ್ನು ಕೊಟ್ಟುಬಿಟ್ಟನು. ಕರೆ ಮಾಡುವ ಸಂಕೇತಗಳು ತಂತಿಯನ್ನು ಹಿಡಿಯುವ ಬದಲು ಡಿಸ್ಕಿನ ಮೇಲೆ ಬರೆಯಲ್ಪಟ್ಟವು. ಅವು ಬಿದ್ದುದು ಮಿನಿಕ್ಸಿನ ಅತಿ ಮುಖ್ಯ ಭಾಗದ ಮೇಲೆ. ಮಿನಿಕ್ಸು ಮತ್ತೆ ಏಳಲಿಲ್ಲ. ಅದನ್ನು ಪುನಃ ಹೂಡಬೇಕೆ, ತಾನು ಕಟ್ಟುತ್ತಿರುವುದನ್ನೇ ನೆಚ್ಚಿಕೊಳ್ಳಬೇಕೆ ಎಂಬ ಪ್ರಶ್ನೆ ಎದುರಾಯಿತು. ಆತನು ಎರಡನೆಯದನ್ನು ಆರಿಸಿಕೊಂಡನು. ಅದೇ ಲಿನಕ್ಸ್. ಇಂದಿನ ಆಂಡ್ರಾಯ್ಡ್ ದೂರವಾಣಿಗಳ ತಿರುಳು ಲಿನಕ್ಸೇ.

ಎಲ್ಲರ ತಪ್ಪಿಗೂ ಅಂತಹ ಫಲ ದೊರೆಯುವುದಿಲ್ಲ. ‘ಎಂಕೆಎಫ್‌ಎಸ್’ ಎಂಬ ಆಜ್ಞೆ ಡಿಸ್ಕಿನ ಮೇಲೆ ಹೊಸ ವಿವರಪಟ್ಟಿಯನ್ನು ಬರೆಯುತ್ತದೆ. ‘ಡಿಡಿ’ ಎಂಬುದು ಒಂದು ಡಿಸ್ಕನ್ನು ಅಕ್ಷರಶಃ ಮತ್ತೊಂದರ ಮೇಲೆ ನಕಲು ಮಾಡುತ್ತದೆ. ‘ಎಸ್‌ಡಿಎ’ ಒಂದು ಡಿಸ್ಕಾದರೆ ‘ಎಸ್‌ಡಿಬಿ’ ಇನ್ನೊಂದು. ನಡುವೆ ಇರುವುದು ಒಂದಕ್ಷರದ ಅಂತರ. ಅಪ್ಪಣೆಯಿತ್ತವನು ಅಧಿಕಾರವುಳ್ಳವನಾದರೆ ‘ಡಿಡಿ’ ಮರುಪ್ರಶ್ನೆ ಕೇಳುವುದೇ ಇಲ್ಲ. ಆದುದರಿಂದಲೇ ಬಲ್ಲವರು ‘ಎಲ್‌ಎಸ್‌ಬಿಎಲ್‌ಕೆ’ ಎಂಬ ನಿರಪಾಯದ ಆಜ್ಞೆಯಿಂದ ಡಿಸ್ಕುಗಳ ಹೆಸರನ್ನೂ ಅಳತೆಯನ್ನೂ ನೋಡಿಕೊಂಡು, ಆಮೇಲೆ ಕೈಹಾಕುತ್ತಾರೆ.

1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಎಂಬ ಚಲನಚಿತ್ರವು ಸಿದ್ಧವಾಗುತ್ತಿದ್ದಾಗ, ಯಾರೋ ಒಬ್ಬರು ಅಳಿಸುವ ಆಜ್ಞೆಯಾದ ‘ಆರ್‌ಎಂ’ ಅನ್ನು ಇರಬಾರದ ಜಾಗದಲ್ಲಿ ನಿಂತು ಕೊಟ್ಟರು. ಕೆಲಸದಲ್ಲಿ ತೊಡಗಿದ್ದವರ ಕಣ್ಣೆದುರಿಗೇ ವುಡಿ ಎಂಬ ಬೊಂಬೆಯ ಟೋಪಿ ಮಾಯವಾಯಿತು, ಬೂಟುಗಳು ಮಾಯವಾದವು, ಕೊನೆಗೆ ವುಡಿಯೇ ಮಾಯವಾದನು. ಯಂತ್ರದ ತಂತಿಯನ್ನು ಕಿತ್ತುಹಾಕಿ ನಿಲ್ಲಿಸುವಷ್ಟರಲ್ಲಿ ಚಿತ್ರದ ಬಹುಭಾಗ ಹೋಗಿತ್ತು. ಟೇಪುಗಳಲ್ಲಿ ಪ್ರತಿಗಳಿವೆಯಲ್ಲ ಎಂದು ತೆಗೆದು ನೋಡಿದರೆ ಅವೂ ಕೆಟ್ಟಿದ್ದವು. ಅವು ಸರಿಯಾಗಿವೆಯೇ ಎಂದು ಅದುವರೆಗೆ ಯಾರೂ ಪರೀಕ್ಷಿಸಿರಲಿಲ್ಲ.

ಆಗ ತಾಂತ್ರಿಕ ವಿಭಾಗದ ಗೇಲಿನ್ ಸುಸ್ಮನ್ ಎಂಬಾಕೆಗೆ ತನ್ನ ಮನೆಯ ಕಂಪ್ಯೂಟರಿನ ನೆನಪಾಯಿತು. ಮಗುವಿನ ಬಾಣಂತನದಲ್ಲಿ ಮನೆಯಿಂದಲೇ ಕೆಲಸ ಮಾಡಲೆಂದು ಚಿತ್ರದ ಕಡತಗಳನ್ನು ಅದಕ್ಕೆ ನಕಲು ಮಾಡಿಸಿಕೊಂಡಿದ್ದಳು. ಆ ಕಂಪ್ಯೂಟರನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿ ಕೂಸಿನಂತೆ ಪಟ್ಟಿ ಬಿಗಿದು, ನಿಧಾನವಾಗಿ ಕಚೇರಿಗೆ ತಂದರು. ಅದರಲ್ಲಿದ್ದ ಪ್ರತಿ ಕೆಲವು ವಾರಗಳಷ್ಟು ಹಳೆಯದಾಗಿದ್ದರೂ ಚಿತ್ರವನ್ನು ಉಳಿಸಿತು. ಇಷ್ಟೆಲ್ಲ ಪಾಡುಪಟ್ಟು ಉಳಿಸಿಕೊಂಡ ಆ ಚಿತ್ರದ ಕಥೆಯು ಸಮರ್ಪಕವಾಗಿಲ್ಲವೆಂದು ಕಂಡುಬಂದು, ಮುಂದೆ ಬಹುಮಟ್ಟಿಗೆ ಹೊಸದಾಗಿಯೇ ಮಾಡಿದರು. 1999ರ ನವೆಂಬರಿನಲ್ಲಿ ತೆರೆಕಂಡುದು ಆ ಎರಡನೆಯ ರೂಪ.