ಜನರೇಟರ್ ಓಡುತ್ತೆ, ಬಲ್ಬು ಉರಿಯಲ್ಲ

ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಸೊಪ್ಪು ತಪ್ಪಿಸುವಂತಿಲ್ಲ. ಅದಕ್ಕೇ ವಿರೂಪಾಕ್ಷಿಪುರದ ನಮ್ಮ ಮನೆಯಲ್ಲಿ ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟಿದ್ದೇವೆ. ಅದು ಕೈಕೊಟ್ಟಾಗ ಕಡಿಮೆ ಖರ್ಚಿನದನ್ನು ಮೊದಲು ನೋಡಬೇಕು.

ಸ್ಟಾರ್ಟ್ ಆಗದಿದ್ದರೆ: ಆಯಿಲ್ ನೋಡಿ. ಆಯಿಲ್ ಕಡಿಮೆಯಾದರೆ ಕೆಲವು ಎಂಜಿನ್ ತಾನೇ ಕಿಡಿ ನಿಲ್ಲಿಸುತ್ತೆ. ಆಮೇಲೆ ಪ್ಲಗ್ ಬಿಚ್ಚಿ ಮಸಿ ತೆಗೆಯಿರಿ. ಹೆಚ್ಚಿನವಕ್ಕೆ ಪ್ಲಗ್ಗಿನ ಸಂದು 0.7ರಿಂದ 0.8 ಮಿ.ಮೀ. ಇರಬೇಕು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಜೆಟ್ ಕಟ್ಟಿಕೊಳ್ಳುತ್ತೆ. ಬೆಳೆ ಮುಗಿದ ಮೇಲೆ ಪೆಟ್ರೋಲ್ ಖಾಲಿ ಮಾಡಿಡುವುದು ಒಳ್ಳೇದು.

ಎಂಜಿನ್ ಓಡಿಯೂ ಕರೆಂಟ್ ಬರದಿದ್ದರೆ: ಮೊದಲು ಟ್ರಿಪ್ ಸ್ವಿಚ್ ನೋಡಿ. ನಮ್ಮದಕ್ಕೆ ಪೇಟೆಯಲ್ಲೊಬ್ಬರು ‘ಕಾಯಿಲ್ ಸುಟ್ಟಿದೆ, ಹೊಸದಾಗಿ ಸುತ್ತಬೇಕು’ ಅಂದರು. ಬಿಚ್ಚಿ ನೋಡಿದರೆ ಕಾರ್ಬನ್ ಬ್ರಷ್ ಸವೆದು ರಿಂಗಿಗೆ ತಾಗುತ್ತಲೇ ಇರಲಿಲ್ಲ. ಹೊಸ ಬ್ರಷ್ ಹಾಕಿ ರಿಂಗು ಒರೆಸಿದೆ, ಬಲ್ಬು ಉರಿಯಿತು. ಬ್ರಷ್ ಇಲ್ಲದ ಮಾದರಿಯಲ್ಲಿ ಕೆಪಾಸಿಟರ್ ಇರುತ್ತೆ. ಹಳೇದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್, ವೋಲ್ಟಿನದನ್ನೇ ತನ್ನಿ. ಎಂಜಿನ್ ನಿಂತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ. ಬಲ್ಬಿನ ವೈರು ಮುಟ್ಟಿಸಿ ಇಳಿಸದೆ ಕೈಹಾಕಬೇಡಿ. ಇಷ್ಟಕ್ಕೂ ಸರಿಯಾಗದಿದ್ದರೆ ಮಾತ್ರ ಕಾಯಿಲ್ ಮಾತು.

ಎಚ್ಚರ: ಬಿಚ್ಚುವ ಮುಂಚೆ ಎಂಜಿನ್ ನಿಲ್ಲಿಸಿ ಪ್ಲಗ್ ಕ್ಯಾಪ್ ಕೀಳಿ. ಚೇಂಜೋವರ್ ಸ್ವಿಚ್ ಇಲ್ಲದೆ ಮನೆ ವೈರಿಂಗಿಗೆ ಕೊಟ್ಟರೆ ಕರೆಂಟ್ ವಾಪಸ್ ಕಂಬಕ್ಕೆ ಹೋಗಿ ಲೈನ್‌ಮನ್ ಜೀವಕ್ಕೇ ಅಪಾಯ. ಹುಳು ಮನೆಯೊಳಗೆ ಜನರೇಟರ್ ಓಡಿಸಲೇಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ.