ವಾಸಿಯಾದರೂ ಹೋಗದ ನೋವು
(ಸಂಘದ ಸಭೆಗೆ ಆರೋಗ್ಯ ಪಾಠ)



ಕಂಪ್ಲಿಯ ಗದ್ದೆಯಲ್ಲಿ ಬಗ್ಗಿ ಭತ್ತ ನಾಟಿ ಮಾಡುವವರು, ಹಂಪಿ ಕಡೆ ಬಾಳೆ ತೋಟಕ್ಕೆ ಕೂಲಿ ಹೋಗುವವರು, ಸಂಡೂರಿನಲ್ಲಿ ಕುಳಿತಲ್ಲೇ ಲಂಬಾಣಿ ಕಸೂತಿ ಹಾಕುವವರು, ಹೊಸಪೇಟೆಯಲ್ಲಿ ಕಟ್ಟಡದ ಕೆಲಸ ಮಾಡುವವರು – ನಮಗೆ ಯಾರಿಗೂ ಸೊಂಟನೋವು ಹೊಸದಲ್ಲ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಕೆಲವರಿಗೆ ಹೋಗುವುದೇ ಇಲ್ಲ. ಎಕ್ಸ್‌ರೇ ತೆಗೆಸಿದರೆ "ಏನೂ ಇಲ್ಲ" ಅಂತಾರೆ. ಮನೆಯಲ್ಲಿ "ಕೆಲಸ ತಪ್ಪಿಸೋಕೆ ನೆಪ" ಅಂತಾರೆ. ಆದರೆ ಎಕ್ಸ್‌ರೇಯಲ್ಲಿ ಕಾಣುವುದು ಎಲುಬು, ನರವಲ್ಲ. 3 ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ.

ಬೆನ್ನುಹುರಿಯ ಕಾವಲು

ಕೈಕಾಲಿನ ನೋವಿನ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಬಂದು, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಬೆನ್ನುಹುರಿಯಲ್ಲಿ ಮೈಕ್ರೋಗ್ಲಿಯಾ ಎಂಬ ಸಣ್ಣ ರಕ್ಷಣಾ ಜೀವಕೋಶಗಳಿವೆ. ರೋಗಾಣುಗಳನ್ನು ಎದುರಿಸುವುದು, ಸತ್ತ ಕೋಶಗಳನ್ನು ಗುಡಿಸುವುದು ಅವುಗಳ ಕೆಲಸ.

ಹೊಲಕ್ಕೆ ಹಂದಿ, ಕರಡಿ ಬಂದಾಗ ಕಾವಲಿನವನು ತಗಡು ಬಡಿಯುತ್ತಾನೆ. ಅವು ಹೋದ ಮೇಲೂ ಬಡಿಯುತ್ತಲೇ ಇದ್ದರೆ? ನರಕ್ಕೆ ಪೆಟ್ಟಾದಾಗ ಬೆನ್ನುಹುರಿಯಲ್ಲಿ ಹೀಗೇ ಆಗಬಹುದು. ಈ ಕೋಶಗಳು ಎಚ್ಚೆತ್ತು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಆಗ ಸಣ್ಣ ಸುದ್ದಿಯೂ ದೊಡ್ಡದಾಗಿ ಮೆದುಳಿಗೆ ಮುಟ್ಟುತ್ತದೆ. ಸೀರೆ ತಾಗಿದರೂ ನೋವು. 2003ರಲ್ಲಿ ಜಪಾನ್ ಮತ್ತು ಕೆನಡಾದ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ತೋರಿಸಿದರು.

ಹೆಣ್ಣಿನ ನೋವು ಬೇರೆಯೇ?

ಮೊದಲು ಇಂಥ ಪ್ರಯೋಗಗಳನ್ನು ಹೆಚ್ಚಾಗಿ ಗಂಡು ಇಲಿಗಳ ಮೇಲೆ ಮಾಡುತ್ತಿದ್ದರು. 2015ರ ಒಂದು ಅಧ್ಯಯನದಲ್ಲಿ ಮೈಕ್ರೋಗ್ಲಿಯಾವನ್ನು ತಡೆದಾಗ ಗಂಡು ಇಲಿಗಳ ನೋವು ಇಳಿಯಿತು, ಹೆಣ್ಣು ಇಲಿಗಳದ್ದು ಇಳಿಯಲಿಲ್ಲ. ಅವುಗಳಲ್ಲಿ ಬೇರೆ ರಕ್ಷಣಾ ಕೋಶಗಳು ಆ ಕೆಲಸ ಮಾಡುತ್ತವೆಂದು ಕಂಡುಬಂತು. ಗಂಡಿಗೆ ಹಿಡಿಸಿದ ಔಷಧ ಹೆಣ್ಣಿಗೂ ಹಿಡಿಸುತ್ತದೆಂದು ಸುಮ್ಮನೆ ನಂಬುವಂತಿಲ್ಲ.

ಸಮಾಧಾನದ ಸಂಗತಿಯೂ ಇದೆ. 2022ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳಲ್ಲಿ ನೋವು ಇಳಿಯಲು ನೆರವಾಗುವ ಒಂದು ಗುಂಪು ಮೈಕ್ರೋಗ್ಲಿಯಾ ಕಂಡುಹಿಡಿದರು. ತಗಡು ಬಡಿಯುವವರ ನಡುವೆಯೇ ಸುಮ್ಮನಾಗಿಸುವವರೂ ಇದ್ದಾರೆ! ಆದರೆ ಇವನ್ನು ಹತೋಟಿಗೆ ತರುವ ಮಾತ್ರೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಬಂದಿದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ನಾವೇನು ಮಾಡಬೇಕು?

1. ಉರಿ, ಜೋಮು, ಕರೆಂಟ್ ಹೊಡೆದಂಥ ನೋವು ನರದ ನೋವಿನ ಗುರುತು. ಹೀಗೆ ಬಿಡಿಸಿ ವೈದ್ಯರಿಗೆ ಹೇಳಿ. ಇದಕ್ಕೆ ಬೇರೆ ಮಾತ್ರೆಗಳಿವೆ.
2. ನೋವಿನ ಮಾತ್ರೆ, ಸೂಜಿಗಳನ್ನು ನಾವಾಗಿಯೇ ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.
3. ಪಾದ ಉರಿಯುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ.
4. ಸರ್ಪಸುತ್ತು ಎದ್ದರೆ ಕೆಮ್ಮಣ್ಣು ಬಳಿದು ಕೂರದೆ 3 ದಿನದೊಳಗೆ ಆಸ್ಪತ್ರೆಗೆ ಹೋಗಿ.
5. ಅಪಾಯದ ಗುರುತು ಇಲ್ಲದಿದ್ದರೆ ಪೂರ್ತಿ ಮಲಗಿಬಿಡಬೇಡಿ. ದಿನಾ ಸ್ವಲ್ಪ ನಡೆಯಿರಿ, ನಿದ್ದೆ ಕೆಡಿಸಿಕೊಳ್ಳಬೇಡಿ. ನಾಟಿ, ಕಸೂತಿಯ ನಡುವೆ ಆಗಾಗ ಎದ್ದು ಮೈ ಸಡಿಲ ಮಾಡಿ.
6. ಸೊಂಟನೋವಿನ ಜೊತೆ ಕಾಲು ಸೋತರೆ, ತೊಡೆಸಂದು ಮರಗಟ್ಟಿದರೆ, ಮೂತ್ರ-ಮಲದ ಹತೋಟಿ ತಪ್ಪಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಲೇಬೇಕು.

ಚರ್ಚೆಗೆ

• ನಮ್ಮ ಸಂಘದಲ್ಲಿ 3 ತಿಂಗಳಿಗಿಂತ ಹೆಚ್ಚು ನೋವು ತಿನ್ನುತ್ತಿರುವವರು ಎಷ್ಟು ಮಂದಿ?
• ನೋವಿನ ಮಾತ್ರೆಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತಿದೆ?
• ಅಂಥವರ ಜೊತೆ ಸರ್ಕಾರಿ ಆಸ್ಪತ್ರೆಗೆ ಯಾರು ಹೋಗುತ್ತೀರಿ? ಹೆಸರು, ದಿನ ಇವತ್ತೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.

ನೋವಿದೆ ಎಂದವಳನ್ನು ಮೊದಲು ನಂಬೋಣ.